ಹಡಗು ಹೊರಡುವ ದಿನವೇ ರೋಮ್‌ಗೆ ಇಳಿದರೆ ಸಾಕಾ?

ಪ್ರಶ್ನೆ: ನಮ್ಮದು ಹಾಸನ. ನಾನು, ಹೆಂಡತಿ, 68 ವರ್ಷದ ಅಮ್ಮ, 12 ತುಂಬಿದ ಮಗ ಹೀಗೆ ನಾಲ್ವರು. ಯೂರೋಪೂ ಮೊದಲ ಸಲ, ಕ್ರೂಸೂ ಮೊದಲ ಸಲ. ಸೆಪ್ಟೆಂಬರ್ ಕೊನೆಗೆ 7 ರಾತ್ರಿಯ ಪ್ರವಾಸ. ರೋಮ್‌ನಲ್ಲಿ ಹತ್ತುವುದು, ಬಾರ್ಸಿಲೋನಾದಲ್ಲಿ ಇಳಿಯುವುದು. ನಡುವೆ ನೇಪಲ್ಸ್, ಲಿವೋರ್ನೊ, ಕಾನ್, ಮಾರ್ಸೇ, ಪಾಲ್ಮಾ. ಹಡಗು ಸಂಜೆ 5ಕ್ಕೆ ಹೊರಡುತ್ತದೆ. ಅವತ್ತೇ ಬೆಳಿಗ್ಗೆ 10ಕ್ಕೆ ರೋಮ್‌ನಲ್ಲಿ ಇಳಿಯುವ ಅಗ್ಗದ ಟಿಕೆಟ್ ಕಣ್ಣಿಗೆ ಬಿದ್ದಿದೆ. ತೆಗೆದುಕೊಳ್ಳಬಹುದಾ? ಇನ್ನೊಂದು, ಹಡಗಿನವರ ಎಕ್ಸ್‌ಕರ್ಷನ್, ಅಂದರೆ ಬಂದರಿನಲ್ಲಿ ಇಳಿಸಿ ಊರು ತೋರಿಸುವ ಪ್ರವಾಸದ ರೇಟು ನೋಡಿ ತಲೆ ತಿರುಗಿತು. ಎಲ್ಲ ಊರುಗಳನ್ನೂ ನಾವೇ ಸುತ್ತಿಕೊಂಡು ಬಂದರೆ ಆಗುವುದಿಲ್ಲವಾ?

ಉತ್ತರ: ಆ ಟಿಕೆಟ್ ಬೇಡ. ಎಕ್ಸ್‌ಕರ್ಷನ್ ವಿಷಯದಲ್ಲಿ ನಿಮ್ಮ ಯೋಚನೆ ಬಹುಪಾಲು ಸರಿ. ಲಿವೋರ್ನೊ ಒಂದು ಕಡೆ ಮಾತ್ರ ಹಡಗಿನವರಿಗೇ ದುಡ್ಡು ಕೊಡಿ. ಎರಡೂ ಉತ್ತರಕ್ಕೆ ಕಾರಣ ಒಂದೇ. ಹಡಗು ಕಟ್ಟುವ ದಕ್ಕೆಗೂ ನೀವು ಹೋಗಬೇಕಾದ ಜಾಗಕ್ಕೂ ನಡುವೆ ಎಷ್ಟು ದೂರ, ಆ ದಾರಿಯಲ್ಲಿ ಏನೇನು ಕೈಕೊಡಬಹುದು ಅನ್ನುವುದು.

ಕ್ರೂಸ್ ಕಂಪನಿಗಳ ಪುಸ್ತಕದಲ್ಲಿ ‘ರೋಮ್’ ಎಂದು ಬರೆದಿರುತ್ತಾರೆ. ಆದರೆ ರೋಮ್‌ನಲ್ಲಿ ದೊಡ್ಡ ಹಡಗಿನ ಬಂದರೇ ಇಲ್ಲ. ನೀವು ಹತ್ತುವುದು ಚಿವಿಟಾವೆಕ್ಕಿಯಾದಲ್ಲಿ. ಅದು ರೋಮ್‌ನಿಂದ ಸುಮಾರು 70 ಕಿ.ಮೀ. ಆಚೆ ಇರುವ ಬೇರೆಯೇ ಊರು. ವಿಮಾನ ಇಳಿಯುವ ಫ್ಯೂಮಿಚಿನೋದಿಂದಲೂ ಕಾರಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಬೇಕು. ಈ ತರದ ಹೆಸರುಗಳು ಇನ್ನೂ ಇವೆ. ‘ಪ್ಯಾರಿಸ್’ ಎಂದರೆ ಲ ಹಾವ್ರ್, ಅಲ್ಲಿಂದ ಪ್ಯಾರಿಸ್‌ಗೆ 200 ಕಿ.ಮೀ. ‘ಬರ್ಲಿನ್’ ಎಂದರೆ ವಾರ್ನೆಮ್ಯುಂಡ, ರೈಲಿನಲ್ಲಿ ಮೂರು ಗಂಟೆ. ‘ವೆನಿಸ್’ ಇನ್ನೂ ಮೋಜಿನದು. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ಸೇಂಟ್ ಮಾರ್ಕ್ ಚೌಕದ ಮುಂದೆ ಹಾಯುವ ಹಾಗಿಲ್ಲ. ಹಾಗಾಗಿ ಕೆಲವು ‘ವೆನಿಸ್’ ಹಡಗುಗಳು ರವೆನ್ನಾದಿಂದ, ಕೆಲವು ತ್ರಿಯೆಸ್ತೆಯಿಂದ ಹೊರಡುತ್ತವೆ. ಟಿಕೆಟ್‌ನಲ್ಲಿ ಬಂದರಿನ ಹೆಸರು ಏನಿದೆ ಎಂದು ನೋಡದೆ ವಿಮಾನ ಹುಡುಕಲು ಕೂರಬೇಡಿ.

ಈಗ ನಿಮ್ಮ ಬೆಳಿಗ್ಗೆ 10ರ ವಿಮಾನಕ್ಕೆ ಬರೋಣ. ಹೊರಡುವುದು 5ಕ್ಕೆ ನಿಜ. ಆದರೆ ಚೆಕ್-ಇನ್ ಅದಕ್ಕಿಂತ ಒಂದು, ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ಅಂದರೆ ಮೂರೂವರೆಗೆ ನೀವು ದಕ್ಕೆಯಲ್ಲಿರಬೇಕು. ಇಮಿಗ್ರೇಷನ್, ಲಗೇಜ್, ಒಂದು ಗಂಟೆಯ ರಸ್ತೆ ಕಳೆದರೆ ಉಳಿಯುವುದು ಎರಡು, ಎರಡೂವರೆ ಗಂಟೆ. ಬೆಂಗಳೂರಿನಿಂದ ರೋಮ್‌ಗೆ ನೇರ ವಿಮಾನ ಇಲ್ಲ, ನಡುವೆ ಒಂದು ಕಡೆ ಬದಲಿಸಲೇಬೇಕು. ಮೊದಲ ವಿಮಾನ ಎರಡು ಗಂಟೆ ತಡವಾಗಿ ಕನೆಕ್ಷನ್ ತಪ್ಪಿತು ಅನ್ನಿ. ಮುಂದಿನ ವಿಮಾನದಲ್ಲಿ ಒಂದು ಸೀಟು ಸಿಗಬಹುದು. ನಾಲ್ಕು ಒಟ್ಟಿಗೆ ಸಿಗುವುದು ಅನುಮಾನ. ನೀವು ಬಂದು ಸೂಟ್‌ಕೇಸ್ ಬರದೇ ಹೋದರೂ ತೊಂದರೆಯೇ. ಅದು ನಿಮ್ಮ ಹಡಗನ್ನು ಬಂದರಿನಿಂದ ಬಂದರಿಗೆ ಅಟ್ಟಿಸಿಕೊಂಡು ಬರಬೇಕು. ಅಷ್ಟರವರೆಗೆ ಅಮ್ಮನ ಬಟ್ಟೆ, ನಿಮ್ಮ ಷೇವಿಂಗ್ ಸೆಟ್ ಎಲ್ಲ ದೇವರ ಪಾಲು.

ವಿಮಾನ ತಡವಾದರೆ ಯೂರೋಪಿನ ಕಾನೂನಿನಲ್ಲಿ ಪರಿಹಾರ ಸಿಗುತ್ತದೆ ಅಂತ ಕೇಳಿರಬಹುದು. ಅಲ್ಲಿಂದ ಹೊರಡುವ ಎಲ್ಲ ವಿಮಾನಗಳಿಗೆ ಅದು ಅನ್ವಯ. ಇಲ್ಲಿಂದ ಹೋಗುವಾಗ ಮಾತ್ರ ಯೂರೋಪಿನ ಕಂಪನಿಯ ವಿಮಾನ ಆಗಿರಬೇಕು. ಅದೂ ಸಿಗುವುದು ತಡವಾದದ್ದಕ್ಕೆ. ಹಡಗು ತಪ್ಪಿದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ದಾರಿಯಲ್ಲಿ ಒಂದು ಅನುಕೂಲ ಇದೆ, ಅದನ್ನೂ ಹೇಳಿಬಿಡುತ್ತೇನೆ. ರೋಮ್‌ನಿಂದ ನೇಪಲ್ಸ್‌ಗೆ ವೇಗದ ರೈಲು ಒಂದೂಕಾಲು ಗಂಟೆಯೊಳಗೆ ಮುಟ್ಟಿಸುತ್ತದೆ. ಹಾಗಾಗಿ ಹಡಗು ತಪ್ಪಿದರೂ ಮರುದಿನ ನೇಪಲ್ಸ್‌ನಲ್ಲಿ ಹಿಡಿಯಲು ಸಾಧ್ಯವಿದೆ. ಆದರೆ ಹಡಗಿನವರು ಒಪ್ಪಬೇಕು. ಅವರ ತುರ್ತು ನಂಬರು ಫೋನಿನಲ್ಲಿ ಇರಲಿ. ಅದನ್ನೇ ನಂಬಿ ಅಗ್ಗದ ಟಿಕೆಟ್ ಮಾತ್ರ ಕೊಳ್ಳಬೇಡಿ.

ಒಂದು ದಿನ ಮೊದಲು ರೋಮ್ ಸೇರುವುದು ಕಡ್ಡಾಯ ಅಂದುಕೊಳ್ಳಿ. ನನ್ನ ಕೇಳಿದರೆ ಎರಡು ದಿನ. ನಿಮ್ಮ ಪಟ್ಟಿಯಲ್ಲಿ ರೋಮ್ ನೋಡುವುದಕ್ಕೆ ಬೇರೆ ದಿನವೇ ಇಲ್ಲ ಅಲ್ವಾ? ಅಷ್ಟು ದೂರ ಹೋಗಿ ಕೊಲೋಸಿಯಂ ನೋಡದೆ ಹಡಗು ಹತ್ತುವುದು ಅನ್ಯಾಯ. ಅದರ ಟಿಕೆಟ್ ಸುಮಾರು 30 ದಿನ ಮೊದಲು ಆನ್‌ಲೈನ್‌ನಲ್ಲಿ ಬಿಡುತ್ತಾರೆ. ಟಿಕೆಟ್ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹಾಕಿ. ವ್ಯಾಟಿಕನ್ ಮ್ಯೂಸಿಯಂಗೆ ತಿಂಗಳ ಕೊನೆಯ ಭಾನುವಾರ ಬಿಟ್ಟು ಉಳಿದ ಭಾನುವಾರ ರಜೆ. ಆ ಕೊನೆಯ ಭಾನುವಾರ ಪ್ರವೇಶ ಉಚಿತ, ಹಾಗಾಗಿ ಜಾತ್ರೆ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿಕೊಂಡಿರಬೇಕು. ಅಮ್ಮ ಸೀರೆ ಉಟ್ಟರೆ ಆ ಚಿಂತೆಯೇ ಇಲ್ಲ. ಸೆಪ್ಟೆಂಬರ್‌ನಲ್ಲಿ ಇಟಲಿ ನಮಗಿಂತ ಮೂರೂವರೆ ಗಂಟೆ ಹಿಂದೆ. ನಿದ್ದೆಯ ಗೊಂದಲ ಅಷ್ಟೇನೂ ಇರದು. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತದೆ, ಅಷ್ಟೇ.

ಟಿಕೆಟ್ ಕೊಳ್ಳುವಾಗ ‘ಮಲ್ಟಿ-ಸಿಟಿ’ ಆಯ್ಕೆ ಒತ್ತಿ. ಬೆಂಗಳೂರಿನಿಂದ ರೋಮ್, ಬಾರ್ಸಿಲೋನಾದಿಂದ ಬೆಂಗಳೂರು. ಎರಡು ಒನ್-ವೇ ತೆಗೆದರೆ ಸಾಮಾನ್ಯವಾಗಿ ಜಾಸ್ತಿ ಬೀಳುತ್ತದೆ. ಹೋಗುವ ದಾರಿಯ ಎರಡೂ ವಿಮಾನ ಒಂದೇ ಪಿಎನ್‌ಆರ್‌ನಲ್ಲಿ ಇರಲೇಬೇಕು. ನಿಮಗೆ ಸಿಕ್ಕಿದ ಅಗ್ಗದ ಟಿಕೆಟ್ ಇನ್ನೊಮ್ಮೆ ನೋಡಿ. ಬೆಂಗಳೂರಿನಿಂದ ಯಾವುದೋ ಊರಿಗೆ ಒಂದು ಕಂಪನಿ, ಅಲ್ಲಿಂದ ರೋಮ್‌ಗೆ ಇನ್ನೊಂದು ಕಂಪನಿ, ಎರಡು ಬೇರೆ ಬುಕಿಂಗ್ ಇರುವ ಹಾಗಿದ್ದರೆ ಅಗ್ಗ ಯಾಕೆ ಎಂದು ಗೊತ್ತಾಗುತ್ತದೆ. ಮೊದಲನೆಯದು ತಡವಾದರೆ ಎರಡನೆಯವರು ನಿಮ್ಮನ್ನು ‘ಬರಲಿಲ್ಲ’ ಎಂದು ಗುರುತು ಹಾಕಿ ಹೊರಟುಹೋಗುತ್ತಾರೆ. ನಡುವೆ ಲಗೇಜ್ ಕೂಡ ನೀವೇ ತೆಗೆದು ಮತ್ತೆ ಕೊಡಬೇಕು.

ಎಮಿರೇಟ್ಸ್, ಕತಾರ್, ಎತಿಹಾದ್ ಮೂರೂ ಬೆಂಗಳೂರಿಗೂ ಬರುತ್ತವೆ, ರೋಮ್, ಬಾರ್ಸಿಲೋನಾ ಎರಡಕ್ಕೂ ಹೋಗುತ್ತವೆ. ಲುಫ್ತಾನ್ಸಾ, ಏರ್ ಫ್ರಾನ್ಸ್, ಕೆಎಲ್‌ಎಂ ಹಿಡಿದರೆ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್ ಮೂಲಕ ಹೋಗುತ್ತೀರಿ. ದರ ಹತ್ತಿರಹತ್ತಿರ ಇದ್ದರೆ ನನ್ನ ಒಲವು ಗಲ್ಫ್ ಕಡೆಗೆ. ಕಾರಣ ಇದು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ಷೆಂಗೆನ್ ದೇಶಗಳೆಲ್ಲ ಸೇರಿ ಒಂದೇ ಗಡಿ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿದರೆ ಇಮಿಗ್ರೇಷನ್ ಅಲ್ಲೇ ಮುಗಿಸಬೇಕು, ಕನೆಕ್ಷನ್‌ನ ಸಮಯದಲ್ಲೇ. 2025ರ ಅಕ್ಟೋಬರ್‌ನಲ್ಲಿ ಶುರುವಾದ ಇಇಎಸ್ ವ್ಯವಸ್ಥೆಯಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಒತ್ತುವ ಬದಲು ಮುಖದ ಫೋಟೋ ತೆಗೆದು, ಬೆರಳಚ್ಚು ತಾಳೆ ನೋಡುತ್ತಾರೆ. ಮೊದಲ ಸಲ ಹೋಗುವವರಿಗೆ ಇದು ನಿಧಾನ. ದುಬೈ, ದೋಹಾ ಮೂಲಕ ಹೋದರೆ ಆ ಸಾಲು ರೋಮ್‌ನಲ್ಲಿ ಇರುತ್ತದೆ, ಆಮೇಲೆ ಹಿಡಿಯಬೇಕಾದ ವಿಮಾನ ಇರುವುದಿಲ್ಲ. ಯೂರೋಪಿನ ಮೂಲಕವೇ ಹೋಗುವುದಾದರೆ ಕನೆಕ್ಷನ್‌ಗೆ ಎರಡೂವರೆ ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ. ಅಮ್ಮನಿಗೆ ಟಿಕೆಟ್ ಜೊತೆಗೇ ವೀಲ್‌ಚೇರ್ ಕೇಳಿಬಿಡಿ. ನಡೆಯಬಲ್ಲರು ಎಂದಾದರೂ ಕೇಳಿ, ಅಷ್ಟುದ್ದದ ಟರ್ಮಿನಲ್‌ಗಳಲ್ಲಿ ಉಪಯೋಗಕ್ಕೆ ಬರುತ್ತದೆ.

ವೀಸಾ ಬಗ್ಗೆ ನೀವು ಕೇಳಿಲ್ಲ, ಆದರೆ ವಿಮಾನದ ಲೆಕ್ಕ ಅದಕ್ಕೂ ತಾಗುತ್ತದೆ. ಜಾಸ್ತಿ ದಿನ ಕಳೆಯುವ ದೇಶಕ್ಕೆ ಅರ್ಜಿ ಹಾಕಬೇಕು. ಎರಡು ದಿನ ಮೊದಲೇ ರೋಮ್‌ಗೆ ಹೋದರೆ ನಿಮ್ಮದು ಇಟಲಿ. ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಕೊಡಬಹುದು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ಯೂರೋಪಿನ ಬೇಸಿಗೆಯಲ್ಲಿ, ಅಂದರೆ ಜೂನ್‌ನಿಂದ ಆಗಸ್ಟ್‌ವರೆಗೆ, ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಏಪ್ರಿಲ್, ಮೇನಲ್ಲೇ ಶುರು ಮಾಡಿ. ಶುಲ್ಕ ದೊಡ್ಡವರಿಗೆ 90 ಯೂರೋ. ಅರ್ಧ ಶುಲ್ಕ 6ರಿಂದ 11 ವರ್ಷದವರಿಗೆ ಮಾತ್ರ, ಮಗನಿಗೆ 12 ತುಂಬಿದೆ ಎಂದರೆ ಪೂರ್ತಿ. ವಿಮೆ ಕನಿಷ್ಠ 30,000 ಯೂರೋದ್ದು ಬೇಕು. ಅದೇ ವಿಮೆಯಲ್ಲಿ ಹಡಗು ತಪ್ಪಿದರೆ, ಲಗೇಜ್ ತಡವಾದರೆ ಏನು ಕೊಡುತ್ತಾರೆ ಎಂದು ಓದಿ ನೋಡಿ. ನಿಮ್ಮ ಬಂದರುಗಳೆಲ್ಲ ಷೆಂಗೆನ್ ಒಳಗೇ ಇವೆ. ಆದರೂ ಮಲ್ಟಿಪಲ್ ಎಂಟ್ರಿ, ಅಂದರೆ ಹೊರಗೆ ಹೋಗಿ ಮತ್ತೆ ಒಳಬರಬಹುದಾದ ವೀಸಾ ಕೇಳುವುದು ಒಳ್ಳೆಯದು. ಮುಂದೆಂದಾದರೂ ಷೆಂಗೆನ್ ಹೊರಗಿರುವ ಟರ್ಕಿಯ ಕುಷಾದಾಸಿ, ಮಾಂಟೆನೀಗ್ರೊದ ಕೊಟೋರ್ ಇರುವ ಕ್ರೂಸ್ ಆರಿಸಿದರೆ ಅದು ಇಲ್ಲದೆ ಆಗುವುದೇ ಇಲ್ಲ.

ರೋಮ್‌ನಿಂದ ಹಡಗಿಗೆ ಹೋಗುವ ದಿನ ಎರಡು ದಾರಿ. ಒಂದು, ಪ್ರಾದೇಶಿಕ ರೈಲು. ಟರ್ಮಿನಿ, ಟ್ರಸ್ಟೆವೆರೆ, ಸಾನ್ ಪಿಯೆತ್ರೊ ನಿಲ್ದಾಣಗಳಿಂದ ಸಿಗುತ್ತದೆ, ತಲೆಗೆ ಐದಾರು ಯೂರೋ. ಒಂದು ಗಂಟೆ ಚಿಲ್ಲರೆ. ಚಿವಿಟಾವೆಕ್ಕಿಯಾ ನಿಲ್ದಾಣದಿಂದ ಲಾರ್ಗೊ ದೆಲ್ಲಾ ಪಾಚೆ ಎನ್ನುವ ಬಸ್ ಜಾಗಕ್ಕೆ ಹೋಗಿ, ಅಲ್ಲಿಂದ ಬಂದರಿನ ಷಟಲ್ ಹಿಡಿದು ಹಡಗಿನ ಬುಡಕ್ಕೆ. ಇಬ್ಬರು ಹುಡುಗರು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಹೊರಟಿದ್ದರೆ ಇದನ್ನೇ ಹೇಳುತ್ತಿದ್ದೆ. ನಾಲ್ಕು ಸೂಟ್‌ಕೇಸ್, ಅಮ್ಮ, ಮಗು ಇರುವಾಗ ಹೋಟೆಲ್ ಬಾಗಿಲಿಂದ ದಕ್ಕೆಯವರೆಗೆ ಒಂದು ವ್ಯಾನ್ ಮಾಡಿಕೊಳ್ಳಿ. ಉಳಿತಾಯ ಬೇರೆ ಕಡೆ ಮಾಡೋಣ. ರೈಲೇ ಸರಿ ಅನ್ನಿಸಿದರೆ ‘ಷೋಪೆರೊ’, ಅಂದರೆ ಮುಷ್ಕರ, ಅವತ್ತು ಇದೆಯಾ ನೋಡಿಕೊಳ್ಳಿ. ಇಟಲಿಯಲ್ಲಿ ಮುಷ್ಕರವನ್ನು ಮೊದಲೇ ಘೋಷಿಸುತ್ತಾರೆ. ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ರಾದೇಶಿಕ ರೈಲು ಓಡಿಸಲೇಬೇಕು ಎಂಬ ನಿಯಮ ಇದೆ.

ಇನ್ನು ಎಕ್ಸ್‌ಕರ್ಷನ್. ಹಡಗಿನವರ ಪ್ರವಾಸಕ್ಕೆ ಕೊಡುವ ಹೆಚ್ಚಿನ ದುಡ್ಡು ಗೈಡ್‌ಗೋ ಬಸ್ಸಿಗೋ ಅಲ್ಲ. ಅವರ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲು ಆಗದಿದ್ದರೆ ತಮ್ಮ ಖರ್ಚಿನಲ್ಲೇ ಮುಂದಿನ ಬಂದರಿಗೆ ಸೇರಿಸುತ್ತಾರೆ. ನೀವಾಗಿ ಹೋದರೆ ಈ ಭರವಸೆ ಇಲ್ಲ. ಹಡಗು ಹೊರಡುವುದಕ್ಕೆ ಅರ್ಧ ಗಂಟೆ ಮೊದಲು ಎಲ್ಲರೂ ಒಳಗಿರಬೇಕು. ಆ ಗಡಿಗಿಂತ ಎರಡು ಗಂಟೆ ಮೊದಲೇ ಬಂದರಿನ ಊರಿಗೆ ವಾಪಸ್ ಬಂದಿರುವ ಹಾಗೆ ಯೋಜನೆ ಹಾಕಿ. ಹಾಗಾಗಿ ಪ್ರತಿ ಬಂದರಿನಲ್ಲೂ ನೋಡಬೇಕಾದದ್ದು, ಆ ಭರವಸೆ ಕೊಳ್ಳುವಷ್ಟು ದೂರ ಹೋಗುತ್ತಿದ್ದೇವಾ ಎನ್ನುವುದು. ಇನ್ನೂ ಒಂದು ಲೆಕ್ಕ ಇದೆ. ಹಡಗಿನವರ ರೇಟು ತಲೆಗೆ, ಖಾಸಗಿ ಕಾರಿನ ರೇಟು ಗಾಡಿಗೆ. ನಾಲ್ವರಿದ್ದಾಗ ಡ್ರೈವರ್ ಸಮೇತ ಒಂದು ಕಾರು ಎಷ್ಟೋ ಸಲ ನಾಲ್ಕು ಬಸ್ ಸೀಟಿನ ಬೆಲೆಗೇ ಬರುತ್ತದೆ. ಅಮ್ಮನಿಗೆ ಸುಸ್ತಾದರೆ ವಾಪಸ್ ತಿರುಗಿಸಬಹುದು.

ನೇಪಲ್ಸ್‌ನಲ್ಲಿ ಹಡಗು ಊರಿನ ನಡುವೆಯೇ ಕಟ್ಟುತ್ತದೆ. ಇಲ್ಲಿ ಹಡಗಿನ ಪ್ರವಾಸ ಬೇಡ. ಎಲ್ಲರೂ ಹೇಳುವುದು ಪೊಂಪೇ, ವೆಸುವಿಯಸ್ ಜ್ವಾಲಾಮುಖಿ ಸ್ಫೋಟದಲ್ಲಿ ಹೂತುಹೋದ ಹಳೇ ಊರು. ಗರಿಬಾಲ್ದಿ ನಿಲ್ದಾಣದಿಂದ ಚಿರ್ಕುಮ್‌ವೆಸುವಿಯಾನಾ ರೈಲು, ಸುಮಾರು 40 ನಿಮಿಷ. ಇಳಿದರೆ ಎದುರಿಗೇ ಬಾಗಿಲು. ರೈಲು ಹಳೆಯದು, ಜನ ಕಿಕ್ಕಿರಿದಿರುತ್ತಾರೆ, ಜೇಬುಗಳ್ಳರೂ ಇರುತ್ತಾರೆ. 2024ರ ನವೆಂಬರ್‌ನಿಂದ ಪೊಂಪೇಗೆ ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ ಹೆಸರಿನಲ್ಲೇ ಕೊಡುತ್ತಾರೆ. ಆನ್‌ಲೈನ್‌ನಲ್ಲಿ ಮೊದಲೇ ತೆಗೆಯಿರಿ. ಆದರೆ ನಿಮ್ಮ ಮನೆಯವರಿಗೆ ನಾನು ಪೊಂಪೇಗಿಂತ ಎರ್ಕೊಲಾನೊ ಹೇಳುತ್ತೇನೆ. ಅದೇ ರೈಲಿನಲ್ಲಿ ಅರ್ಧ ದಾರಿ. ಕ್ರಿ.ಶ. 79ರ ಅದೇ ವೆಸುವಿಯಸ್ ಸ್ಫೋಟದಲ್ಲಿ ಹೂತುಹೋದ ಊರು. ಪೊಂಪೇಯಲ್ಲಿ ಬೀದಿ ಬೀದಿ ಅಲೆಯಬೇಕು, ನೆಲವೆಲ್ಲ ದೊಡ್ಡ ಉಬ್ಬುಕಲ್ಲು, ನೆರಳಿಲ್ಲ. ಎರ್ಕೊಲಾನೊ ಚಿಕ್ಕದು, ಎರಡು ಗಂಟೆಯಲ್ಲಿ ನೋಡಿ ಮುಗಿಸಬಹುದು. ಮನೆಗಳ ಮಹಡಿ, ಸುಟ್ಟು ಕರಿಯಾದ ಮರದ ತೊಲೆ, ಬಾಗಿಲು ಕೂಡ ಉಳಿದಿವೆ. ಪೊಂಪೇಯಲ್ಲಿ ಇಂಥವು ಕಾಣುವುದು ಕಡಿಮೆ. ನಿಲ್ದಾಣದಿಂದ ಇಳಿಜಾರಿನಲ್ಲಿ ಸ್ವಲ್ಪ ನಡೆದರೆ ಸಾಕು. ಬರುವಾಗ ಅದೇ ಏರು, ಅಮ್ಮನಿಗೆ ಟ್ಯಾಕ್ಸಿ ನೋಡಿ. ಯಾರಾದರೂ ಕ್ಯಾಪ್ರಿ ದ್ವೀಪಕ್ಕೆ ನೀವೇ ಹೋಗಿಬನ್ನಿ ಅಂದರೆ ಕೇಳಬೇಡಿ. ಅಲೆ ಎದ್ದರೆ ಮಧ್ಯಾಹ್ನದ ದೋಣಿಗಳು ರದ್ದಾಗುತ್ತವೆ. ಅಲ್ಲಿಂದ ಬರಲು ಬೇರೆ ದಾರಿ ಇಲ್ಲ.

ಲಿವೋರ್ನೊ ಸರಕು ಬಂದರು. ಒಳಗೆ ನಡೆದುಕೊಂಡು ಹೋಗಲು ಬಿಡುವುದಿಲ್ಲ. ಷಟಲ್ ಬಸ್ಸಿನಲ್ಲಿ ಊರಿಗೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ರೈಲು ನಿಲ್ದಾಣಕ್ಕೆ, ಅಲ್ಲಿಂದ ಫ್ಲಾರೆನ್ಸ್‌ಗೆ ಒಂದೂವರೆ ಗಂಟೆ. ಕಾಯುವುದೆಲ್ಲ ಸೇರಿ ಒಂದು ಕಡೆಗೇ ಎರಡೂವರೆ ಗಂಟೆ. ಫ್ಲಾರೆನ್ಸ್ ನೋಡಲೇಬೇಕು ಎಂದಿದ್ದರೆ ಹಡಗಿನವರ ಪಟ್ಟಿಯಲ್ಲಿ ‘ಫ್ಲಾರೆನ್ಸ್ ಆನ್ ಯುವರ್ ಓನ್’ ತರದ್ದು ಇದೆಯಾ ಹುಡುಕಿ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಿಟ್ಟು, ಹೇಳಿದ ಹೊತ್ತಿಗೆ ವಾಪಸ್ ಕರೆತರುತ್ತಾರೆ. ಗೈಡ್ ಇಲ್ಲ, ಊಟ ಇಲ್ಲ, ಹಾಗಾಗಿ ರೇಟು ಕಡಿಮೆ. ಹಡಗು ಕಾಯುತ್ತದೆ ಎನ್ನುವ ಭರವಸೆ ಮಾತ್ರ ಪೂರ್ತಿ. ನನಗೆ ಕೇಳಿದರೆ ಇಡೀ ಪಟ್ಟಿಯಲ್ಲಿ ಕೊಳ್ಳಲು ಯೋಗ್ಯವಾದದ್ದು ಇದೊಂದೇ. ಅವತ್ತು ಸೋಮವಾರವೇ ಎಂದು ನೋಡಿಕೊಳ್ಳಿ, ಉಫ್ಫಿಜಿ, ಅಕಾಡೆಮಿಯಾ ಮ್ಯೂಸಿಯಂ ಎರಡಕ್ಕೂ ಸೋಮವಾರ ರಜೆ. ಐದು ಗಂಟೆಯಲ್ಲಿ ಡುವೊಮೊ ಕೆಥೆಡ್ರಲ್ ಹೊರಗಿಂದ, ಪೊಂತೆ ವೆಕ್ಕಿಯೊ ಸೇತುವೆ, ಒಂದು ಮ್ಯೂಸಿಯಂ, ಅಷ್ಟೇ ಆಗುವುದು. ಫ್ಲಾರೆನ್ಸ್ ಹುಚ್ಚು ಇಲ್ಲದಿದ್ದರೆ ಪೀಸಾಗೆ ಹೋಗಿ, ರೈಲಿನಲ್ಲಿ 20 ನಿಮಿಷದೊಳಗೆ ಬರುತ್ತದೆ. ಮಗನಿಗೆ ವಾಲುಗೋಪುರ ಹತ್ತುವ ಆಸೆ ಇದ್ದರೆ ಸಮಯ ನಿಗದಿ ಮಾಡಿದ ಟಿಕೆಟ್ ಬೇಕು. 8 ವರ್ಷಕ್ಕಿಂತ ಚಿಕ್ಕವರನ್ನು ಬಿಡುವುದಿಲ್ಲ, ಅವನಿಗೆ ತೊಂದರೆ ಇಲ್ಲ.

ಕಾನ್‌ನಲ್ಲಿ ಹಡಗು ದಡಕ್ಕೆ ಬರುವುದೇ ಇಲ್ಲ. ದೂರದಲ್ಲಿ ಲಂಗರು ಹಾಕಿ ಟೆಂಡರ್ ಎನ್ನುವ ಸಣ್ಣ ದೋಣಿಗಳಲ್ಲಿ ಜನರನ್ನು ಬಿಡುತ್ತಾರೆ. ಹಡಗಿನ ಎಕ್ಸ್‌ಕರ್ಷನ್ ಕೊಂಡವರಿಗೆ ಮೊದಲ ದೋಣಿ, ಉಳಿದವರು ಟೋಕನ್ ಹಿಡಿದು ಕಾಯಬೇಕು. ಗಾಳಿ ಜೋರಾದರೆ ಆ ಬಂದರೇ ರದ್ದು. ಆದ್ದರಿಂದ ಇಲ್ಲಿ ದುಡ್ಡು ವಾಪಸ್ ಬಾರದ ಯಾವ ಟಿಕೆಟನ್ನೂ ಮೊದಲೇ ಕೊಳ್ಳಬೇಡಿ. ಇಳಿದ ಮೇಲೆ ರೈಲು ನಿಲ್ದಾಣ ಹತ್ತು ನಿಮಿಷದ ನಡಿಗೆ. ರೈಲಿನಲ್ಲಿ ಆಂಟಿಬ್, ನೀಸ್ ಊರುಗಳು ಎರಡೂ ಸುಲಭ. ಕೊನೆಯ ಟೆಂಡರ್ ಎಷ್ಟಕ್ಕೆ ಎಂದು ಕೇಳಿಕೊಂಡು ಇಳಿಯಿರಿ. ಅಲೆಯಲ್ಲಿ ದೋಣಿಗೆ ಕಾಲಿಡುವುದು ಅಮ್ಮನಿಗೆ ಕಷ್ಟ ಅನ್ನಿಸಿದರೆ ಒತ್ತಾಯ ಬೇಡ. ಜನ ಇಳಿದುಹೋದ ಹಡಗಿನಲ್ಲಿ ಆರಾಮಾಗಿ ಕೂರುವುದೂ ಸುಖವೇ.

ಮಾರ್ಸೇಯಲ್ಲಿ ಹಡಗು ಊರಿನ ಉತ್ತರಕ್ಕೆ, ಸಾಕಷ್ಟು ದೂರ ನಿಲ್ಲುತ್ತದೆ. ಷಟಲ್‌ನಲ್ಲಿ ಊರಿಗೆ ಬಂದು, ಹಳೇ ಬಂದರಿನಿಂದ 60ನೇ ನಂಬರ್ ಬಸ್ ಹತ್ತಿದರೆ ಗುಡ್ಡದ ಮೇಲಿನ ನೋತ್ರ್ ದಾಮ್ ದ ಲಾ ಗಾರ್ಡ್ ಚರ್ಚಿಗೆ ಹೋಗುತ್ತದೆ. ಅರ್ಧ ದಿನಕ್ಕೆ ಅಷ್ಟು ಸಾಕು. ಪಾಲ್ಮಾದಲ್ಲಿ ಸಮುದ್ರದ ಪಕ್ಕದ ದೊಡ್ಡ ಕೆಥೆಡ್ರಲ್ ನೋಡಿ. ಮಗನಿಗೆ ಸೋಯೆರ್ ರೈಲು ಇಷ್ಟವಾಗಬಹುದು. 1912ರಿಂದ ಓಡುತ್ತಿರುವ ಮರದ ಡಬ್ಬಿಗಳ ರೈಲು, ಬೆಟ್ಟ ದಾಟಿ ಸುಮಾರು ಒಂದು ಗಂಟೆ. ಹಡಗು ಅಲ್ಲಿ ಸಂಜೆಯವರೆಗೂ ಇದ್ದರೆ ಮಾತ್ರ ಹತ್ತಿ.

ಸಣ್ಣ ವಿಷಯಗಳು ಕೆಲವು. ಸಮುದ್ರದಲ್ಲಿರುವಾಗ ಫೋನು ಏರ್‌ಪ್ಲೇನ್ ಮೋಡ್‌ನಲ್ಲೇ ಇರಲಿ. ಹಡಗಿನ ಮೊಬೈಲ್ ಸಿಗ್ನಲ್ ಉಪಗ್ರಹದ್ದು, ನಿಮ್ಮ ಯೂರೋಪ್ ಪ್ಯಾಕ್‌ನಲ್ಲಿ ಅದು ಸೇರಿರುವುದಿಲ್ಲ, ಸುಮ್ನೆ ಬಿಲ್ ಏರುತ್ತದೆ. ಸಸ್ಯಾಹಾರಿಗಳಾದರೆ ಬುಕಿಂಗ್ ಮಾಡುವಾಗಲೇ ಬರೆಸಿ, ಹತ್ತಿದ ಮೊದಲ ರಾತ್ರಿ ಊಟದ ಮನೆಯಲ್ಲಿ ಮತ್ತೊಮ್ಮೆ ಹೇಳಿ. ಹೇಳಿದವರಿಗೆ ಮರುದಿನದಿಂದ ಬೇರೆಯೇ ಮಾಡಿಕೊಡುವ ಹಡಗುಗಳಿವೆ. ದಾರಿಗೆ ಚಕ್ಕುಲಿ, ಕೋಡುಬಳೆ ಒಯ್ಯಬಹುದು. ಧಾರವಾಡ ಪೇಡ, ತುಪ್ಪ ಬೇಡ. ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸ ತರುವುದಕ್ಕೆ ಯೂರೋಪಿನಲ್ಲಿ ನಿಷೇಧ ಇದೆ.

ಕೊನೆಗೆ ಬಾರ್ಸಿಲೋನಾ. ಇಳಿಯುವ ಹಿಂದಿನ ರಾತ್ರಿ ಸೂಟ್‌ಕೇಸ್‌ಗಳನ್ನು ಕ್ಯಾಬಿನ್ ಹೊರಗೆ ಇಡಲು ಹೇಳುತ್ತಾರೆ. ಅಮ್ಮನ ಮಾತ್ರೆ, ಪಾಸ್‌ಪೋರ್ಟ್, ಬೆಳಿಗ್ಗೆ ಹಾಕುವ ಬಟ್ಟೆ ಕೈಚೀಲದಲ್ಲಿ ಉಳಿಸಿಕೊಳ್ಳಿ. ಬಂದರಿನಿಂದ ವಿಮಾನ ನಿಲ್ದಾಣ ಸುಮಾರು 15 ಕಿ.ಮೀ., ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಆದರೂ ಮಧ್ಯಾಹ್ನ 1ಕ್ಕೆ ಮೊದಲು ಹೊರಡುವ ವಿಮಾನ ಬೇಡ. ಸಾವಿರಾರು ಜನ ಒಟ್ಟಿಗೆ ಇಳಿಯುವಾಗ ಲಗೇಜ್‌ಗೂ ಟ್ಯಾಕ್ಸಿಗೂ ಸಾಲು ಇರುತ್ತದೆ. ರಜೆ ಒಂದು ದಿನ ಹಿಗ್ಗಿಸಲು ಆಗುವುದಾದರೆ ಒಂದು ರಾತ್ರಿ ಅಲ್ಲೇ ಉಳಿದು ಸಗ್ರಾದಾ ಫಮಿಲಿಯಾ ಚರ್ಚ್ ನೋಡಿ. ಅದಕ್ಕೂ ಆನ್‌ಲೈನ್ ಟಿಕೆಟೇ. ಹಡಗಿನಿಂದ ಇಳಿದ ದಿನ ಮಧ್ಯಾಹ್ನ ಮೂರರ ನಂತರದ ಸಮಯ ಆರಿಸಿಕೊಳ್ಳಿ. ಅಷ್ಟರೊಳಗೆ ಹೋಟೆಲ್ ರೂಮೂ ಸಿಕ್ಕಿರುತ್ತದೆ, ಲಗೇಜ್ ಇಟ್ಟು ಕೈಬೀಸಿಕೊಂಡು ಹೋಗಬಹುದು.